ವಿಮಾನದ ದಾರಿಗೆ ದರ್ಜಿಯ ಟೇಪು

ನಮ್ಮ ಮನೆಯವರು ದರ್ಜಿ. ಮೂವತ್ತು ವರ್ಷದಲ್ಲಿ ಒಂದು ಅಳತೆಯೂ ತಪ್ಪಿಲ್ಲವೆಂದು ಹೇಳಿಕೊಳ್ಳುತ್ತಾರೆ. ಅಂಗಿ ಬಿಗಿಯಾದರೆ ತಪ್ಪು ಗಿರಾಕಿಯದು. ಇಂಥ ಶೂರರಿಗೆ ವಿಮಾನ ಎಂದರೆ ಮಾತ್ರ ಜೀವ ಬಾಯಿಗೆ ಬರುತ್ತದೆ.

ನನ್ನ ನಾದಿನಿ ಇರುವುದು ಭೂಮಿಯ ಆ ಕಡೆ. ಅಣ್ಣನ ಹತ್ತಿರವೇ ಹೊಲಿಗೆ ಕಲಿತವಳು, ಈಗ ಅಲ್ಲಿ ಸ್ವಂತ ಅಂಗಡಿ ತೆರೆಯುತ್ತಿದ್ದಾಳೆ. ಮೊದಲ ಬಟ್ಟೆಗೆ ಅಣ್ಣನೇ ಕತ್ತರಿ ಹಾಕಬೇಕೆಂಬುದು ಅವಳ ಆಸೆ. ಹನ್ನೊಂದು ವರ್ಷದಿಂದ ಅಣ್ಣ ತಂಗಿ ಮುಖ ನೋಡಿಲ್ಲ.

"ತುಂಬಾ ದೂರ ಕಣಮ್ಮ. ಹತ್ತು ಸಾವಿರ ಕಿಲೋಮೀಟರ್ ಒಳಗಿದ್ದಿದ್ರೆ ಖಂಡಿತ ಬರ್ತಿದ್ದೆ," ಎಂದು ಇವರು ಫೋನಿನಲ್ಲಿ ಹೇಳಿಬಿಟ್ಟರು.

"ಅಳೆದು ನೋಡಿ ಹೇಳು ಅಣ್ಣ. ನಿನ್ನ ಅಳತೆ ಅಂದ್ರೆ ಒಪ್ಕೋತೀನಿ. ಸಂಜೆ ಮತ್ತೆ ಮಾಡ್ತೀನಿ," ಎಂದು ಅವಳು ಫೋನ್ ಇಟ್ಟಳು.

ಫೋನಿನಲ್ಲೇ ಹುಡುಕಿ ಎಂದೆ. "ಯಾರೋ ತೆಗೆದ ಅಳತೆಗೆ ನಾನು ಕತ್ತರಿ ಹಾಕಲ್ಲ," ಎಂದರು. ಕೊರಳಿನ ಟೇಪು ತೆಗೆದು ಅಂಗಡಿಯ ಗೋಡೆಯಲ್ಲಿದ್ದ ಪ್ರಪಂಚದ ನಕ್ಷೆಯ ಮೇಲೆ ನಮ್ಮ ವಿಮಾನ ನಿಲ್ದಾಣದಿಂದ ಅವಳ ಊರಿನ ನಿಲ್ದಾಣಕ್ಕೆ ಹಿಡಿದರು.

"ಇಪ್ಪತ್ತು ಇಂಚು. ಇಂಚಿಗೆ ಏಳುನೂರು ಕಿಲೋಮೀಟರ್ ಅಂತ ಇಲ್ಲೇ ಬರೆದಿದೆ. ಹದಿನಾಲ್ಕು ಸಾವಿರ ಆಯ್ತು. ಪಾಪ, ನಾನೇನು ಮಾಡ್ಲಿ ಹೇಳು." ಮುಖದಲ್ಲಿ ಪಾಪದ ಸುಳಿವೇ ಇರಲಿಲ್ಲ, ಹಬೆಯಾಡುವ ಇಸ್ತ್ರಿಪೆಟ್ಟಿಗೆಯಷ್ಟು ಉತ್ಸಾಹ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಮೈ ಉರಿಯಿತು. ಆ ದಿನ ಬೆಳಿಗ್ಗೆಯಷ್ಟೇ ಬೇಕರಿಯವರು ತಾವು ಬಾರದೆ ಅಳತೆಗೆಂದು ಹಳೆಯ ಅಂಗಿ ಕಳಿಸಿದ್ದಕ್ಕೆ ಇವರು ರೇಗಾಡಿದ್ದರು: ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ ಅಳೆದರೆ ಹೊಟ್ಟೆ ಎಲ್ಲಿ ಹೋಯಿತು ಎಂದು.

"ಭೂಮಿಗೂ ಹೊಟ್ಟೆ ಇದೆ ಕಣ್ರೀ," ಎಂದೆ. "ನೀವು ಅಳೆದದ್ದು ಬರೀ ಅಂಗಿ."

ಮಗಳ ಮೇಜಿನಿಂದ ಗ್ಲೋಬ್ ತಂದು ಅವರ ಮುಂದಿಟ್ಟೆ. ಅವರು ಎರಡು ಊರುಗಳ ನಡುವೆ ದಾರ ಹಿಡಿದರು. ಸಡಿಲ ಬಿಡಲು ಮನಸ್ಸಿತ್ತೋ ಏನೋ, ಕೈ ಕೇಳಲಿಲ್ಲ. ಮೂವತ್ತು ವರ್ಷ ಬಿಗಿಯಾಗಿ ಎಳೆದ ಕೈ. ಎಳೆದ ದಾರ ಅಡ್ಡಕ್ಕೆ ನಿಲ್ಲದೆ ಉತ್ತರದ ಹಿಮದ ಕಡೆಗೆ ಜಾರಿತು. ಇವರು ಕೆಳಕ್ಕೆ ತಂದರು, ಅದು ಮತ್ತೆ ಜಾರಿತು. ಮೂರು ಸಲ ಟೇಪಿಗೆ ಹಿಡಿದು ನೋಡಿದರು. ಒಂಬತ್ತೇ ಇಂಚು. ಗ್ಲೋಬಿನ ಲೆಕ್ಕದಲ್ಲಿ ಇಂಚಿಗೆ ಸಾವಿರದ ಅರವತ್ತು. ಒಂಬತ್ತು ಸಾವಿರದ ಐನೂರ ನಲವತ್ತು.

ಇವರು ಸ್ಟೂಲಿನ ಮೇಲೆ ಕುಸಿದು ಕೂತರು. ಅಷ್ಟು ಹೊತ್ತು ರೇಗುತ್ತಿದ್ದ ನನಗೆ ಈಗ ಕನಿಕರವಾಯಿತು. ಹದಿನಾಲ್ಕು ಸಾವಿರ ಎಂದೇ ಹೇಳಿದರೂ ನಾನು ಬಾಯಿ ಬಿಡಬಾರದು ಎಂದುಕೊಂಡೆ.

ಫೋನ್ ಬಂತು.

"ಎಷ್ಟು ಬಂತು ಅಣ್ಣ?"

ಇವರು ನನ್ನನ್ನು ನೋಡಿದರು, ನಕ್ಷೆಯನ್ನು ನೋಡಿದರು. ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡರು.

"ಒಂಬತ್ತು ಇಂಚು ಕಣಮ್ಮ," ಎಂದರು. "ಬಟ್ಟೆ ತೆಗೆದಿಡು. ನಾನು ಬರೋವರೆಗೂ ಕತ್ತರಿ ಮುಟ್ಟಬೇಡ."