ಹಾಲುಕ್ಕಿಸಿದ ಮೇಲೆ

ಸ್ಕೂಟರ್ ನಿಲ್ಲಿಸಿದ ಮಹೇಂದ್ರ ಹೆಲ್ಮೆಟ್ ತೆಗೆಯುವುದನ್ನೂ ಮರೆತು ನಿಂತುಬಿಟ್ಟ. ಇದೇ ಮನೆಯೇ? ಬೀದಿ ಇದೇ, ಮೂಲೆಯ ಹೊಂಗೆ ಮರ ಇದೇ, ಎದುರಿನ ಖಾಲಿ ಸೈಟಿನಲ್ಲಿ ಮೇಯುತ್ತಿರುವ ಹಸು ಕೂಡ ಹೋದ ಸಲದ್ದೇ ಇರಬೇಕು. ಆದರೆ ಅವನ ಲೆಕ್ಕದಲ್ಲಿ ಆಷಾಢಕ್ಕೆ ಮುಂಚೆಯೇ ಮುಗಿದುಹೋಗಿದ್ದ ಮನೆ, ಈ ಕಾರ್ತಿಕದಲ್ಲೂ ಗಾರೆ ಕಾಣದ ಇಟ್ಟಿಗೆ ಗೋಡೆಯಲ್ಲಿ ಹಾಗೇ ನಿಂತಿತ್ತು. ಕಿಟಕಿಗಳಿಗೆ ಸಿಮೆಂಟ್ ಚೀಲ ಬಿಚ್ಚಿ ಕಟ್ಟಿದ್ದರು. ತಾರಸಿ ಮೇಲೆ ಎದ್ದು ನಿಂತಿದ್ದ ಕಂಬಿಗಳಿಗೆ ಹಗ್ಗ ಬಿಗಿದು ಸೀರೆ, ಲುಂಗಿ ಒಣಹಾಕಿದ್ದರು. ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣ ಮಾತ್ರ ಒಣಗಿ ತರಗಾಗಿ ಇನ್ನೂ ನೇತಾಡುತ್ತಿತ್ತು.

"ಕೆಟ್ಟೆ," ಅಂದುಕೊಂಡ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿಟ್ಟರು. ಕಟ್ಟುವ ಮನೆಗಳನ್ನು ಎಣಿಸಿ ನೋಡು ಅಂತಲೂ ಒಂದು ಮಾತು ಸೇರಿಸಿದ್ದರೆ ಮಹೇಂದ್ರ ಈ ಕೆಲಸದ ತಂಟೆಗೇ ಬರುತ್ತಿರಲಿಲ್ಲವೇನೋ. ಅವನು ಅಂಕಿಅಂಶದ ಕಚೇರಿಯ ಇನ್‌ಸ್ಪೆಕ್ಟರ್. ಊರಿನಲ್ಲಿ ಈ ಮೂರು ತಿಂಗಳು ಎಷ್ಟು ಕಟ್ಟಡ ಕೆಲಸ ನಡೆಯಿತು, ಹೋದ ವರ್ಷ ಇದೇ ಹೊತ್ತಿಗಿಂತ ಏರಿತೋ ಇಳಿಯಿತೋ ಅನ್ನುವುದು ಸರ್ಕಾರಕ್ಕೆ ಗೊತ್ತಾಗಬೇಕು. ಊರಿನ ಎಲ್ಲ ಮನೆ ಅಳೆಯಲು ಯಾರಪ್ಪನಿಂದಲೂ ಆಗದು. ಅನ್ನ ಬೆಂದಿದೆಯೋ ಅಂತ ಒಂದು ಅಗುಳು ಹಿಸುಕಿ ನೋಡಿದ ಹಾಗೆ, ಕೆಲವೇ ಮನೆಗಳನ್ನು ಆರಿಸಿಕೊಂಡು ಅಡಿಪಾಯದಿಂದ ಸುಣ್ಣಬಣ್ಣದವರೆಗೆ ಅವುಗಳ ಬೆನ್ನು ಹತ್ತುವುದು. ಈ ಸಲ ಗೋಡೆ ಎಷ್ಟೆದ್ದಿತು, ತಾರಸಿ ಬಿತ್ತೇ, ಗಾರೆ ಆಯಿತೇ ಅಂತ ನೋಡಿ, ಆದಷ್ಟು ಕೆಲಸಕ್ಕೆ ಬೆಲೆ ಕಟ್ಟಬೇಕು. 'ಮುಗಿದಿದೆ' ಅಂತ ಬರೆದರೆ ಬಾಕಿ ಕೆಲಸವೆಲ್ಲ ಅದೇ ಮೂರು ತಿಂಗಳ ಲೆಕ್ಕಕ್ಕೆ ಜಮೆಯಾಗಿ ಮನೆ ಪಟ್ಟಿಯಿಂದ ಹೊರಗೆ ಬೀಳುತ್ತದೆ. ಆಮೇಲೆ ಆ ಕಡೆ ತಲೆ ಹಾಕುವ ಅಗತ್ಯವಿಲ್ಲ.

ಮೊದಮೊದಲು ಮಹೇಂದ್ರ ಬಿಸಿಲು ಮಳೆ ಅನ್ನದೆ ಸೈಟಿಗೇ ಹೋಗಿ ನೋಡುತ್ತಿದ್ದವನೇ. ಬರಬರುತ್ತಾ ಫೋನಿಗೆ ಇಳಿದ. ಆದರೆ ಫೋನಿನಲ್ಲಿ "ಮನೆ ಮುಗೀತಾ?" ಅಂತ ಕೇಳಿದರೆ ಗೋಳು ಶುರು. ಎಲ್ಲಿ ಸಾರ್, ಗೇಟ್ ಬಾಕಿ, ಕಪಾಟು ಬಾಕಿ, ಬಡಗಿ ಕೈಕೊಟ್ಟ. ಕಟ್ಟಿಸುವವರ ಬಾಯಲ್ಲಿ ಯಾವ ಮನೆ ತಾನೇ ಮುಗಿದಿದೆ? ಅದಕ್ಕೇ ಅವನೊಂದು ಉಪಾಯ ಕಂಡುಕೊಂಡ. "ಹಾಲುಕ್ಕಿಸಿದ್ರಾ?" ಅಷ್ಟೇ. ಹೊಸ ಮನೆಯಲ್ಲಿ ಹಾಲುಕ್ಕಿಸಿ ಗೃಹಪ್ರವೇಶ ಮಾಡಿದ್ದರೆ ಮುಗಿಯಿತು, ಇಲ್ಲದಿದ್ದರೆ ಇಲ್ಲ. ಅದಕ್ಕೆ ಹೌದು ಅಥವಾ ಇಲ್ಲ ಎರಡೇ ಉತ್ತರ. ಕಚೇರಿಯಲ್ಲಿ ಇದನ್ನು ಹೇಳಿಕೊಂಡು ಬೆನ್ನು ತಟ್ಟಿಸಿಕೊಂಡಿದ್ದ ಕೂಡ.

ಆಷಾಢ ಹುಟ್ಟುವ ಮುಂಚೆ ಜನ ಅರ್ಧಂಬರ್ಧ ಮನೆಯಲ್ಲೂ ಹಾಲುಕ್ಕಿಸಿ ಕೈತೊಳೆದುಕೊಳ್ಳುತ್ತಾರೆ ಅನ್ನುವುದು ಕುಂಬಾರಕೊಪ್ಪಲಿನಲ್ಲಿ ಹುಟ್ಟಿ ಬೆಳೆದ ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವನ ತಂಗಿಯೇ ಕಿಟಕಿಗೆ ಗಾಜಿಲ್ಲದ ಮನೆಗೆ ಹಾಲುಕ್ಕಿಸಿಕೊಂಡು ಹೋದವಳು. ಗೊತ್ತಿದ್ದೂ ಗೊತ್ತಿಲ್ಲದವನ ಹಾಗಿದ್ದ.

ಹೊಸದಾಗಿ ಬಂದ ಅಧಿಕಾರಿ ತೇಜಸ್ವಿನಿ ನಿನ್ನೆ ಸಂಜೆ ಅವನನ್ನು ಕರೆದಿದ್ದಳು. ವಯಸ್ಸಿನಲ್ಲಿ ಚಿಕ್ಕವಳು, ಮಾತು ಮೆತ್ತಗೆ, ಕಣ್ಣು ಮಾತ್ರ ಚುರುಕು.

"ಮಹೇಂದ್ರ ಅವ್ರೇ, ನಿಮ್ಮ ವಿಜಯನಗರದ ಕಡೆ ಆಷಾಢಕ್ಕೆ ಮುಂಚೆ ಮನೆಗಳೆಲ್ಲ ದಡಬಡ ಅಂತ ಮುಗಿದುಬಿಟ್ಟಿವೆ. ಆಮೇಲೆ ಒಂದು ಇಟ್ಟಿಗೇನೂ ಅಲ್ಲಾಡಿಲ್ಲ. ಏನಿದು?"

"ಮುಹೂರ್ತ ಮೇಡಂ. ನಮ್ಮ ಕಡೆ ಹಾಗೇನೇ."

"ಇರಬಹುದು. ನಾಳೆ ಮಧ್ಯಾಹ್ನ ನಾನೇ ಒಂದು ನಾಲ್ಕೈದು ಮನೆಗೆ ಫೋನ್ ಮಾಡಿ ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ."

ಅವಳು ಪಟ್ಟಿಯಲ್ಲಿ ಗುರುತು ಹಾಕಿದ್ದ ಮನೆಗಳನ್ನು ಬೆಳಿಗ್ಗೆಯಿಂದ ಒಂದೊಂದಾಗಿ ಸುತ್ತಿ ನೋಡಿ ಬಂದಿದ್ದ. ಅವನ ಪುಣ್ಯ, ಎಲ್ಲ ಮುಗಿದಿದ್ದವು. ಉಳಿದದ್ದು ಇದೊಂದೇ, ಮೇಸ್ತ್ರಿ ಪ್ರಸನ್ನನ ಮನೆ. ಊರವರ ಮನೆಗೆಲ್ಲ ಗಾರೆ ಮಾಡಿ, ಭಾನುವಾರ ಭಾನುವಾರ ತನ್ನ ಮನೆ ತಾನೇ ಕಟ್ಟಿಕೊಳ್ಳುತ್ತಿದ್ದವನು.

"ಅಯ್ಯೋ, ಸಾ! ಬನ್ನಿ ಸಾ," ಅನ್ನುತ್ತಾ ಪ್ರಸನ್ನನ ಹೆಂಡತಿ ಪದ್ಮಾವತಿ ಹೊರಗೆ ಬಂದಳು. ಕೈ ಒರೆಸಿಕೊಳ್ಳುತ್ತಾ, "ನೀವು ಬರಲ್ಲ ಅಂದ್ಕೊಂಡಿದ್ದೆ," ಅಂದಳು. ಆಕ್ಷೇಪಣೆಯ ದನಿಯಲ್ಲ. ಆದರೂ ಅವನಿಗೆ ಚುರುಕ್ ಅಂದಿತು.

"ಮೇಸ್ತ್ರಿ ಎಲ್ಲಮ್ಮ? ಕೆಲಸಕ್ಕೆ ಹೋದ್ರಾ?"

ಅವಳು ಒಳಗೆ ಕೈ ತೋರಿಸಿದಳು.

ಪ್ರಸನ್ನ ಮಂಚದ ಮೇಲಿದ್ದ. ಅವನ ತಾಯಿ ಪುಟ್ಟಮಾದಮ್ಮ ಕಾಲ ಬುಡದಲ್ಲಿ ಕೂತು ಎಣ್ಣೆ ಹಚ್ಚಿ ನೀವುತ್ತಿದ್ದಳು. ಗೋಡೆಯ ಮೇಲೆ ಬುದ್ಧನ ಪಟವಿತ್ತು. ಆ ಪಟದ ಸುತ್ತ ಮಾತ್ರ ಒಂದು ಚಾಪೆಯಗಲ ಗಾರೆಯಾಗಿ, ನೀಟಾಗಿ ಬಿಳಿ ಬಣ್ಣ ಬಳಿದಿತ್ತು. ಉಳಿದದ್ದೆಲ್ಲ ಬರೀ ಇಟ್ಟಿಗೆ.

"ಏನ್ರೀ ಇದು ಪ್ರಸನ್ನ!"

"ನಿಂತಿದ್ದ ಸಾರವೆ ಮುರ್ಕೊಂಡು ಬಿದ್ದೆ ಸಾ," ಅಂದ ಪ್ರಸನ್ನ, ಯಾರದೋ ಸುದ್ದಿ ಹೇಳಿದ ಹಾಗೆ. "ಯಾದವಗಿರೀಲಿ ಒಂದು ಹಳೇ ಬಂಗಲೆ. ಮೇಲ್ಗಡೆ ಗಾರೆ ಮಾಡ್ತಿದ್ದೆ. ಸೊಂಟ ಹೋಯ್ತು. ಎದ್ದು ಗೋಡೆ ಹಿಡ್ಕೊಂಡು ಬಚ್ಚಲ್ಗೆ ಹೋಯ್ತೀನಿ, ಅಷ್ಟೇಯ."

"ಯಾವಾಗ?"

"ಹಾಲುಕ್ಸೋಕೆ ಒಂದು ವಾರ ಮುಂಚೆ," ಅಂದಳು ಪದ್ಮಾವತಿ. "ಬಾಡಿಗೆ ಮನೆ ಬುಡ್ತೀವಿ ಅಂತ ಹೇಳಾಗಿತ್ತು. ಆಷಾಢ ಬೇರೆ ಹತ್ರ ಬಂದಿತ್ತು. ಇವ್ರು ಆಸ್ಪತ್ರೇಲಿದ್ರು, ನಾನೂ ಅತ್ತೇನೂ ಬಂದು ಹಾಲುಕ್ಸುದ್ವಿ. ಅವತ್ತು ಸಾಯಂಕಾಲ್ವೇ ನೀವು ಫೋನ್ ಮಾಡಿದ್ದು ಸಾ."

ಮಹೇಂದ್ರನಿಗೆ ಆ ಸಂಜೆ ನೆನಪಾಯಿತು. ಯಾಕಾದರೂ ನೆನಪಾಯಿತೋ! ಕ್ಯಾಂಟೀನಿನಲ್ಲಿದ್ದ. ಸಾಂಬಾರಿನಲ್ಲಿ ಅದ್ದಿದ ವಡೆ ಮುಂದೆ ಬಂದು ಕೂತಿತ್ತು. "ಹಾಲುಕ್ಕಿಸಿದ್ರಾ?" ಅಂದಿದ್ದ. "ಉಕ್ಸುದ್ವಿ ಸಾ. ಆದ್ರೆ..." ಅಂದಿದ್ದಳು ಈ ಹೆಣ್ಣುಮಗಳು. ಆದ್ರೆ ಅಂದ ಕೂಡಲೇ ಗೇಟು, ಕಪಾಟು, ಬಡಗಿ ಶುರುವಾಗುತ್ತದೆ ಅಂತ ಅವನಿಗೆ ಗ್ಯಾರಂಟಿ. "ತುಂಬಾ ಸಂತೋಷ ಕಣಮ್ಮ, ಒಳ್ಳೇದಾಗ್ಲಿ," ಅಂತ ಹಾರೈಸಿ ಕಟ್ ಮಾಡಿ ವಡೆಗೆ ಕೈಹಾಕಿದ್ದ.

"ಅವತ್ತು ಏನೋ ಹೇಳೋಕೆ ಬಂದ್ರಲ್ವಾ?" ಅಂದ.

"ಕಟ್ಟಡ ಕೆಲ್ಸದೋರ್ಗೆ ಸರ್ಕಾರ ಕೊಡೋ ಕಾರ್ಡ್ ಇವ್ರತ್ರ ಇತ್ತಲ್ಲ ಸಾ, ಏಟಾದ್ರೆ ದುಡ್ಡು ಕೊಡ್ತರೆ ಅನ್ನೋರು. ಯಾವ ಆಫೀಸು, ಯಾರ್ನ ಕೇಳ್ಬೇಕು ಅಂತ ಗೊತ್ತಿರ್ಲಿಲ್ಲ. ನಮ್ಗೆ ಗೊತ್ತಿರೋ ಸರ್ಕಾರದೋರು ಅಂದ್ರೆ ನೀವೊಬ್ರೇ." ಅವಳು ಸೆರಗಿನ ತುದಿ ಸುತ್ತುತ್ತಿದ್ದಳು. "ನೀವೇ ಹೇಳಿದ್ರಲ್ಲ ಸಾ, ಏನಿದ್ರೂ ನಂಗೊಂದು ಮಾತು ಹೇಳಿ ಅಂತ."

ಹೇಳಿದ್ದ. ಮೊದಲ ಸಲ ಬಂದಾಗ, ಇವನು ಕಂದಾಯ ಏರಿಸಲು ಬಂದವನೆಂದು ಪ್ರಸನ್ನ ಬಾಯಿ ಬಿಟ್ಟಿರಲಿಲ್ಲ. "ಅಯ್ಯೋ, ಇಲ್ಲ ಕಣ್ರೀ. ನನ್ನ ನಿಮ್ಮನೇವ್ನು ಅಂತ ತಿಳ್ಕೊಳ್ಳಿ. ಸರ್ಕಾರಿ ಕೆಲಸ ಏನಿದ್ರೂ ನಂಗೊಂದು ಮಾತು ಹೇಳಿ," ಅಂದಿದ್ದ ಮಹೇಂದ್ರ. ಅದು ಅವನು ಎಲ್ಲ ಮನೆಯಲ್ಲೂ ಹಂಚುವ ಸಕ್ಕರೆ. ಯಾರಾದರೂ ಅದನ್ನು ಸೆರಗಿನಲ್ಲಿ ಗಂಟು ಹಾಕಿಟ್ಟುಕೊಳ್ಳುತ್ತಾರೆ ಅಂತ ಅವನಿಗೆ ಹೊಳೆದಿರಲೇ ಇಲ್ಲ.

"ನಾಳೇನೇ ಹೋಗೋಣ," ಅಂದ ಆತುರದಲ್ಲಿ. "ಲೇಬರ್ ಆಫೀಸಿಗೆ ನಾನೇ ಬರ್ತೀನಿ. ನಾನೇ ಅರ್ಜಿ ಬರೀತೀನಿ."

"ಹೋಗಿದ್ದೆ ಸಾ. ದಸರಾ ಆದ್ಮೇಲೆ ಪಕ್ಕದ ಬೀದಿ ಹುಡ್ಗಿ ಕರ್ಕೊಂಡೋಗಿದ್ಲು. ಅರ್ಜಿ ಹಾಕೋ ದಿನ ಕಳ್ದೋಗದೆ, ಮೊದ್ಲೇ ಬರ್ಬೇಕಿತ್ತು ಅಂದ್ರು."

ಮಹೇಂದ್ರ ಕೂತುಬಿಟ್ಟ. ಕೂತದ್ದು ಒಂದು ಸಿಮೆಂಟ್ ಚೀಲದ ಮೇಲೆ. ಒಳಗಿನ ಸಿಮೆಂಟು ಗಟ್ಟಿಯಾಗಿ ಕಲ್ಲಾಗಿತ್ತು. ಒಂದೇ ಒಂದು ಮಾತು ಕೇಳಿಸಿಕೊಂಡಿದ್ದರೆ! ಆ ಆಫೀಸು ಅವನ ಕಚೇರಿಯಿಂದ ಕೂಗಿದರೆ ಕೇಳುವಷ್ಟು ದೂರ. ಅಲ್ಲಿನ ಗುಮಾಸ್ತನ ಜೊತೆ ದಿನಾ ಕಾಫಿ ಕುಡಿಯುತ್ತಾನೆ. ಕೂತಲ್ಲೇ ಆಗುವ ಕೆಲಸವಾಗಿತ್ತು. ಛೆ, ನಾನೂ ಒಬ್ಬ ಮನುಷ್ಯನೇ ಅನ್ನಿಸಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಮತ್ತೆ ಯಾಕಮ್ಮ ಇನ್ನೊಂದು ಸಲ ಫೋನ್ ಮಾಡ್ಲಿಲ್ಲ?"

ಪದ್ಮಾವತಿ ಒಲೆಯ ಕಡೆ ಹೋದಳು. ಕೋಣೆಯ ಮೂಲೆಯೇ ಅಡುಗೆಮನೆ. ಹಾಲಿನ ಪಾಕೀಟು ಕತ್ತರಿಸಿ ಪಾತ್ರೆಗೆ ಸುರಿದು ಒಲೆ ಹಚ್ಚಿದಳು.

"ಅದಿರ್ಲಿ, ನೀವು ಬಂದ ಕೆಲ್ಸ ಹೇಳಿ ಸಾ," ಅಂದ ಪ್ರಸನ್ನ.

ಹೇಗೆ ಹೇಳುವುದು? ಮುಖ ನೆಲಕ್ಕೆ ಹಾಕಿ ಹೇಳಿದ. ಈ ಮನೆ ಮುಗಿದಿದೆ ಅಂತ ತಾನು ಬರೆದುಬಿಟ್ಟದ್ದು, ಮೇಡಂಗೆ ಅನುಮಾನ ಬಂದದ್ದು, ಈಗ ಅವಳು ಫೋನ್ ಮಾಡಿ ಕೇಳಲಿರುವುದು. ಪುಟ್ಟಮಾದಮ್ಮ ನೀವುವುದನ್ನು ನಿಲ್ಲಿಸಿ ಗೋಡೆ ನೋಡಿದಳು, ಸೂರು ನೋಡಿದಳು. "ನಮ್ಮನೆ ಮುಗ್ದದಾ ಸ್ವಾಮಿ? ನಮ್ಗೇ ಗೊತ್ತಿಲ್ವಲ್ಲ," ಅಂದಳು. ಕುಚೋದ್ಯವೋ, ನಿಜವಾಗಿ ಕೇಳಿದಳೋ ಮಹೇಂದ್ರನಿಗೆ ತಿಳಿಯಲಿಲ್ಲ.

"ಇಲ್ಲ ಅಂದ್ರೆ ನಿಮ್ಗೆ ತೊಂದ್ರೆ ಆಯ್ತದಾ ಸಾ?" ಪ್ರಸನ್ನ ಕೇಳಿದ.

ತೊಂದರೆ ಏನಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿ ಅನ್ನಬೇಕಿತ್ತು. ಅನ್ನುವುದಕ್ಕೇ ಬಾಯಿ ತೆರೆದ. ಒಂದು ಮನೆ ಸುಳ್ಳು ಅಂತಾದರೆ ಉಳಿದವನ್ನೂ ಕೆದಕುತ್ತಾರೆ. ಎಷ್ಟು ವರ್ಷದ ಹಾಲು, ಎಷ್ಟು ಮನೆಯದು! ನೋಟಿಸ್ ಬರುತ್ತದೆ, ಬರಬೇಕಾದ ಬಡ್ತಿ ನಿಲ್ಲುತ್ತದೆ.

"ಸ್ವಲ್ಪ," ಅಂದ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಕಿಟಕಿಯ ಇಟ್ಟಿಗೆ ಸಂದಿಯಲ್ಲಿಟ್ಟಿದ್ದ ಪದ್ಮಾವತಿಯ ಫೋನು ಬಡಿದುಕೊಂಡಿತು. ಅವಳು ಗಂಡನ ಮುಖ ನೋಡಿದಳು. ಪ್ರಸನ್ನ ಕಣ್ಣಿನಲ್ಲೇ ಏನೋ ಹೇಳಿದ. ಅವಳು ಸ್ಪೀಕರ್ ಒತ್ತಿದಳು.

"ನಮಸ್ಕಾರಮ್ಮ, ಮನೆ ಲೆಕ್ಕದ ಆಫೀಸಿಂದ ಮಾತಾಡ್ತಿದ್ದೀನಿ. ನಿಮ್ಮನೆ ಕೆಲಸ ಪೂರ್ತಿ ಮುಗಿದಿದೆಯಾ?"

"ಮುಗ್ದದೆ ಮೇಡಂ." ಬರೀ ಇಟ್ಟಿಗೆಯ ಗೋಡೆ ನೋಡುತ್ತಲೇ ಹೇಳಿದಳು. "ಗಾರೆ ಎಲ್ಲ ಚೆನ್ನಾಗಾಗದೆ. ನಮ್ಮೋರೇ ಮಾಡುದ್ರು. ಆಷಾಢಕ್ಕೆ ಮುಂಚೇನೇ ಹಾಲುಕ್ಸುದ್ವಿ."

ಸುಳ್ಳು ಹೇಳಿ ಅಭ್ಯಾಸವಿಲ್ಲದವಳ ಸುಳ್ಳು. ಪ್ರಸನ್ನ ಗೋಡೆ ಕಡೆ ಹೊರಳಿಕೊಂಡ. ಮಹೇಂದ್ರನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಕೈಚಾಚಿದ. ಅವಳು ಗಲಿಬಿಲಿಯಾಗಿ ಫೋನ್ ಕೊಟ್ಟಳು.

"ಮೇಡಂ, ನಾನು ಮಹೇಂದ್ರ."

"ಓ, ಅಲ್ಲೇ ಇದ್ದೀರಾ? ಒಳ್ಳೇದಾಯ್ತು. ಸುಮ್ನೆ ನಿಮ್ಮ ಮೇಲೆ ಅನುಮಾನ ಪಟ್ಟೆ, ತಪ್ಪು ತಿಳ್ಕೋಬೇಡಿ."

"ಅಲ್ಲ ಮೇಡಂ... ಹಾಲುಕ್ಕಿಸಿರೋದೇನೋ ನಿಜ, ಆದ್ರೆ..."

"ಗೊತ್ತಾಯ್ತು ಬಿಡಿ, ಆ ಅಮ್ಮನೇ ಹೇಳಿದ್ರಲ್ಲ. ಇನ್ನೊಂದು ಲೈನಲ್ಲಿ ಬೆಂಗಳೂರಿನವರು ಕಾಯ್ತಿದ್ದಾರೆ, ಲೆಕ್ಕ ಕಳಿಸ್ಬಿಡ್ತೀನಿ. ಒಳ್ಳೇದಾಗ್ಲಿ."

ಟುಕ್ ಅಂತ ಸದ್ದಾಯಿತು. ಮಹೇಂದ್ರ ಫೋನನ್ನು ಬಾಯ ಹತ್ತಿರವೇ ಹಿಡಿದು ನಿಂತಿದ್ದ. ಹೇಳಬೇಕೆಂದುಕೊಂಡ ಮಾತು ಅಲ್ಲೇ ತುಟಿಯ ತುದಿಯಲ್ಲಿತ್ತು.

"ಕಟ್ ಮಾಡುದ್ರಾ ಸಾ?" ಪದ್ಮಾವತಿ ಕೇಳಿದಳು. ಹಂಗಿಸುವ ದನಿಯಲ್ಲ, ಪಕ್ಕದಲ್ಲಿ ಎಡವಿದವರನ್ನು ಏಟಾಯಿತಾ ಅಂತ ಕೇಳಿದ ಹಾಗೆ.

"ಹೂಂ."

ತಿರುಗಿ ಮಾಡಬೇಕು. ಒಂದೇ ಗುಂಡಿ ಒತ್ತಿದರೆ ಆಯಿತು. ಹೆಬ್ಬೆರಳು ಗುಂಡಿಯ ಮೇಲೆ ಬಂದು ನಿಂತಿತು, ಒತ್ತಲಿಲ್ಲ.

"ತಿರ್ಗಾ ಮಾಡಕ್ಕೆ ಒಂಥರಾ ಆಯ್ತದೆ, ಅಲ್ವಾ ಸಾ," ಅಂದಳು ಅವಳು. "ನಂಗೂ ಅಂಗೇ ಆಯ್ತು ಕಣಿ ಅವತ್ತು."

"ಹಾಲುಕ್ತಾ ಅದೆ ನೋಡೇ!" ಪುಟ್ಟಮಾದಮ್ಮ ಕಾಲು ನೀವುತ್ತಲೇ ಕೂಗಿದಳು. ಪದ್ಮಾವತಿ ಒಲೆಯ ಕಡೆ ಓಡಿದಳು. ಅವಳ ಫೋನು ಮಹೇಂದ್ರನ ಕೈಯಲ್ಲೇ ಉಳಿಯಿತು.