ಅಳು ಇಲ್ಲದ ವಾರ್ಡು

ಕಂಡಕ್ಟರಮ್ಮನಿಗೆ ಬೇಕಾಗಿದ್ದದ್ದು ಒಂದೇ ಒಂದು ಉತ್ತರ. ನಾಳೆ ಬೆಳಿಗ್ಗೆ ಬಲಗಡೆಯ ಮೊಲೆಯನ್ನೂ ಕಂಕುಳಿನ ಗಂಟುಗಳನ್ನೂ ತೆಗೆಯುತ್ತಾರೆ. ಆಮೇಲೆ ಬಲಗೈ ಎತ್ತಿ ಬಸ್ಸಿನ ಮೇಲಿನ ಕಂಬಿ ಹಿಡಿಯಲು ಆಗುತ್ತದೋ ಇಲ್ಲವೋ? ಆಗದಿದ್ದರೆ ಡಿಪೋದ ಮೂಲೆಯಲ್ಲೊಂದು ಕುರ್ಚಿ ಕೊಟ್ಟು ಕೂರಿಸುತ್ತಾರೆ. ತುಂಬಿದ ಬಸ್ಸಿನಲ್ಲಿ ಜಗಳವಾಡುತ್ತಲೇ ತಲೆ ನರೆಸಿಕೊಂಡವಳಿಗೆ ಅದಕ್ಕಿಂತ ಜೈಲೇ ವಾಸಿ.

ಆದರೆ ಆ ವಾರ್ಡಿನಲ್ಲಿ ಪ್ರಶ್ನೆ ಕೇಳಲು ಯಾರಾದರೂ ಬಿಟ್ಟರೆ ತಾನೆ? ಎಲ್ಲರೂ ಧೈರ್ಯ ತುಂಬುವುದರಲ್ಲಿ ಮುಳುಗಿದ್ದರು. ರೋಗಿ ಅತ್ತರೆ ಆ ಪಾಳಿಯ ನರ್ಸಿನ ಹೆಸರಿನ ಮುಂದೆ ಗೋಡೆಯ ಬೋರ್ಡಿನಲ್ಲಿ ಕೆಂಪು ಚುಕ್ಕೆ. ಇದು ಮೇಲ್ವಿಚಾರಕಿ ಮೇಡಂ ತಂದ ಸುಧಾರಣೆ. ಹಾಗಾಗಿ ಯಾರಾದರೂ ಮೂಗೆಳೆದರೆ ಸಾಕು, ಒಲೆಯ ಮೇಲೆ ಹಾಲು ಉಕ್ಕಿತೆಂಬಂತೆ ನರ್ಸುಗಳು ಓಡಿಬರುತ್ತಿದ್ದರು.

"ಡಾಕ್ಟ್ರೇ, ನನ್ನ ಕೈ..." ಎಂದು ಆಕೆ ಬಾಯಿ ತೆರೆದಾಗ, "ಕೈ ಇರಲಮ್ಮ, ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಎಂದು ಡಾಕ್ಟರು ಪಕ್ಕದ ಹಾಸಿಗೆಗೆ ದಾಟಿದ್ದರು. ಆಮೇಲೆ ಬಂದ ಆಪ್ತಸಮಾಲೋಚಕ, ಕಣ್ಣು ಮುಚ್ಚಿ ನೆಮ್ಮದಿಯ ಜಾಗವೊಂದನ್ನು ನೆನೆಯಿರಿ ಎಂದ. ಆಕೆ ಕೊನೆ ಟ್ರಿಪ್ಪಿನ ಖಾಲಿ ಬಸ್ಸನ್ನು ನೆನೆದು ಗೊರಕೆ ಹೊಡೆದಳು. ರೋಗಿಗೆ ಅಂತರಂಗದ ಶಾಂತಿ ದೊರೆತಿದೆ ಎಂದು ಬರೆದುಕೊಂಡು ಅವನು ಎದ್ದುಹೋದ.

ಸಂಜೆ ಗಂಡ, ನಾದಿನಿ ಬಂದರು.

"ಅತ್ತಿಗೆ, ನಮ್ಮ ಆಫೀಸಲ್ಲೂ ಒಬ್ಬರಿಗೆ ಹೀಗೇ ಆಗಿತ್ತು. ಆಪರೇಶನ್ ಆದ್ಮೇಲೆ ಗುಂಡುಕಲ್ಲಿನ ಹಾಗಿದ್ರು."

"ಹೌದೇನೇ? ಹಾಗಾದ್ರೆ ಅವರ ನಂಬರ್ ಕೊಡು, ಒಂದು ಮಾತು ಕೇಳ್ಬೇಕು."

ನಾದಿನಿ ಸೆರಗು ತಿರುವಿದಳು. "ಅದು... ಹೋದ ವರ್ಷ ತೀರ್ಕೊಂಡ್ರು. ಆದ್ರೆ ಇದರಿಂದಲ್ಲ ಅತ್ತಿಗೆ, ಸತ್ಯವಾಗ್ಲೂ!"

ಗಂಡ ಮೂಗು ಒರೆಸಿಕೊಳ್ಳತೊಡಗಿದ. "ಅಳಬೇಡ್ರೀ, ಪಾಪ ಆ ನರ್ಸ್ ಹುಡುಗಿಗೆ ಚುಕ್ಕೆ ಬೀಳುತ್ತೆ" ಎಂದು ಅವನ ಬೆನ್ನು ಸವರುವ ಕೆಲಸವೂ ಕಂಡಕ್ಟರಮ್ಮನ ಪಾಲಿಗೇ ಬಂತು.

ಅಷ್ಟರಲ್ಲಿ ಆ ಹುಡುಗಿಯೇ ಬಂದಳು. ರೋಗಿಗಳಿಗೆ ಮನೋಬಲ ತುಂಬುವ ತರಬೇತಿಯನ್ನು ಮೊನ್ನೆಯಷ್ಟೇ ಮುಗಿಸಿದ್ದ ನರ್ಸು. ಕಲಿಸಿದಂತೆಯೇ ಕುರ್ಚಿ ಎಳೆದುಕೊಂಡು ಮುಂದಕ್ಕೆ ಬಾಗಿ ಆಕೆಯ ಕೈಹಿಡಿದಳು. "ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ ಅಕ್ಕ."

"ಏನು ಅರ್ಥ ಆಯ್ತು, ಹೇಳು ತಾಯಿ."

ತರಬೇತಿಯಲ್ಲಿ ಮುಂದಿನ ಮಾತು ಇರಲಿಲ್ಲ. ಹುಡುಗಿ ನಕ್ಕಳು. ನಾದಿನಿಯೂ ನಕ್ಕಳು. ಗಂಡನೂ ಹಲ್ಲು ತೋರಿಸಲು ಹವಣಿಸಿದ. ಕಂಡಕ್ಟರಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಇಳೀರಿ, ಇಳೀರಿ! ಎಲ್ಲಾ ಇಳೀರಿ! ಬಾಗಿಲ ಹತ್ರ ನಿಲ್ಲಬೇಡಿ!"

ಅದು ಹಿಂದಿನ ಸೀಟಿನಿಂದ ಡ್ರೈವರಿಗೆ ಕೇಳಿಸುವ ದನಿ. ಗಂಡ, ನಾದಿನಿ ಬ್ಯಾಗು ಸಮೇತ ಕಾರಿಡಾರಿಗೆ ಬಿದ್ದರು. ಹುಡುಗಿಯೂ ಎದ್ದಳು.

"ನೀನು ಕೂತ್ಕೋ. ಆಪರೇಶನ್ ಆದ್ಮೇಲೆ ಈ ಕೈಲಿ ಬಸ್ಸಿನ ಮೇಲಿನ ಕಂಬಿ ಹಿಡಿಯೋಕೆ ಆಗುತ್ತಾ, ಇಲ್ವಾ?"

"ಎಲ್ಲಾ ಒಳ್ಳೇದಾಗುತ್ತೆ ಅ..."

"ಕೇಳಿದ್ದೇನು, ಹೇಳ್ತಿರೋದೇನು?"

ಹುಡುಗಿ ಬಾಗಿಲ ಕಡೆ ನೋಡಿದಳು. ಮುಖದ ಮೇಲಿನ ನಗು ನಿಧಾನವಾಗಿ ಇಳಿಯಿತು. "ಮೊದಲ ಕೆಲವು ವಾರ ಆಗಲ್ಲ ಅಕ್ಕ. ಗೋಡೆ ಮೇಲೆ ಬೆರಳು ಹತ್ತಿಸ್ತಾ ಹತ್ತಿಸ್ತಾ ಕೈ ಎತ್ತೋ ವ್ಯಾಯಾಮ ಇದೆ. ನೋವಾಗುತ್ತೆ. ಬಹಳ ಜನ ಮತ್ತೆ ಎತ್ತುತ್ತಾರೆ, ಕೆಲವರಿಗೆ ಕೈ ಊದಿಕೊಂಡು ತೊಂದರೆ ಕೊಡುತ್ತೆ. ನಿಮಗೆ ಹೇಗಾಗುತ್ತೋ, ನನಗೆ ಗೊತ್ತಿಲ್ಲ."

ಗೊತ್ತಿಲ್ಲ! ಆ ಆಸ್ಪತ್ರೆಗೆ ಬಂದಮೇಲೆ ಆಕೆಯ ಕಿವಿಗೆ ಬಿದ್ದ ಮೊದಲ ನಂಬುವಂಥ ಮಾತು. ಕಂಡಕ್ಟರಮ್ಮ ಅತ್ತಳು, ತನ್ನ ಗಂಟಲಿಗೆ ತಕ್ಕ ಹಾಗೆ.

ಮೇಲ್ವಿಚಾರಕಿ ದಡಬಡಿಸಿ ಬಂದರು. "ಸಿಸ್ಟರ್! ಏನಿದು? ನಿಲ್ಲಿಸಿ ಮೊದಲು!"

"ಇನ್ನೂ ಮುಗಿದಿಲ್ಲ ಮೇಡಂ" ಎಂದು ಹುಡುಗಿ ಹಾಸಿಗೆಯ ಸುತ್ತಲಿನ ಪರದೆ ಎಳೆದಳು. ಎಳೆದಮೇಲೆ ತನ್ನ ಧೈರ್ಯಕ್ಕೆ ತಾನೇ ಹೆದರಿ ಅಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಪರದೆಯಾಚೆ, ಪಕ್ಕದ ಹಾಸಿಗೆಯಿಂದ ಅಳುಕುತ್ತಲೇ ಒಂದು ದನಿ ಬಂತು: "ಸಿಸ್ಟರ್, ನಿಮ್ಮ ಪಾಳಿ ಎಷ್ಟು ಹೊತ್ತಿನವರೆಗೆ ಇದೆ? ನಂಗೂ ಒಂದು ಮಾತು ಕೇಳೋದಿದೆ."