ಅಳದ ಮಗುವಿಗೆ ಸೊನ್ನೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಇಪ್ಪತ್ತೆರಡು ವರ್ಷದಿಂದ ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ, ಅಷ್ಟಾದರೂ ಇರಬೇಡವೇ? ಬಾಯಿ ಬಾರದ ಕೂಸುಗಳ ನೋವು ಅಳೆಯಲು ನಮ್ಮಲ್ಲೊಂದು ಚಾರ್ಟ್ ಇದೆ. ಹುಬ್ಬು ಗಂಟಿಕ್ಕಿದೆಯೇ, ಮುಷ್ಟಿ ಬಿಗಿದಿದೆಯೇ, ಕಾಲು ಝಾಡಿಸುತ್ತಿದೆಯೇ, ಅಳು ಹೇಗಿದೆ, ಎತ್ತಿಕೊಂಡರೆ ಸುಮ್ಮನಾಗುತ್ತದೆಯೇ. ಒಂದೊಂದಕ್ಕೆ ಎರಡರವರೆಗೆ ಅಂಕ. ಒಟ್ಟು ನಾಲ್ಕು ದಾಟಿದರೆ ನೋವಿನ ಔಷಧಿ, ಇಲ್ಲದಿದ್ದರೆ ಇಲ್ಲ.

ಕಿಟಕಿ ಪಕ್ಕದ ಗಂಡುಮಗುವಿಗೆ ಹುಟ್ಟಿದ ಮರುದಿನವೇ ಹೊಟ್ಟೆಯ ಆಪರೇಷನ್ ಆಗಿತ್ತು. ಮೊದಲೆರಡು ದಿನ ಸೂರು ಹಾರಿಹೋಗುವಂತೆ ಅತ್ತ. ಒಂಬತ್ತು ಎಂದು ಬರೆದೆ, ಔಷಧಿ ಸಿಕ್ಕಿತು. ನಾಲ್ಕನೆಯ ದಿನ ಹೊಲಿಗೆ ಕೀವಾಗಿ ಜ್ವರ ಏರಿತು. ಮಗು ಸುಮ್ಮನಾಯಿತು.

ಅವನ ತಾಯಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಬೆಳಿಗ್ಗೆ ಬಂದವಳೇ ಮುಖ ಅರಳಿಸಿದಳು. "ಅಕ್ಕಾ, ಇವತ್ತು ಎಷ್ಟು ಜಾಣ ಆಗಿದ್ದಾನೆ ನೋಡಿ. ಒಂದು ಚೂರೂ ಅಳ್ತಿಲ್ಲ."

ನಾನು ಗಾಯದ ಪಟ್ಟಿ ಬದಲಿಸಲು ಬಗ್ಗಿದೆ. ಬ್ಯಾಂಡೇಜಿನ ಪಟ್ಟಿ ಕೀಳುವಾಗಲೂ ಹುಬ್ಬು ಅಲುಗಲಿಲ್ಲ. ಕಣ್ಣು ತೆರೆದೇ ಇತ್ತು, ಕೈ ಒದ್ದೆ ಬಟ್ಟೆಯಂತೆ ಬಿದ್ದಿತ್ತು. ಅಳುವುದಕ್ಕೂ ಮೈಯಲ್ಲಿ ಕಸುವು ಬೇಕು. ಇವನಲ್ಲಿ ಅದು ಮುಗಿದಿತ್ತು. ಚಾರ್ಟಿನ ಪ್ರಕಾರ ಸೊನ್ನೆ. ನಾನು ಆರು ಎಂದು ಬರೆದೆ.

ಡ್ಯೂಟಿ ಡಾಕ್ಟರ್ ಬಂದು ಬಗ್ಗಿ ನೋಡಿದರು. "ಇದು ಯಾವ ಲೆಕ್ಕದಲ್ಲಿ ಆರು, ಸಿಸ್ಟರ್?"

"ಅಳೋ ಶಕ್ತೀನೇ ಇಲ್ಲ ಸರ್ ಅದಕ್ಕೆ. ಒಳಗೊಳಗೇ ನರಳ್ತಿದೆ."

"ಕಾಣದೇ ಇರೋದನ್ನ ಹೇಗೆ ನಂಬಲಿ? ಔಷಧಿ ಕೊಟ್ಟು ಉಸಿರು ನಿಂತ್ರೆ ಉತ್ತರ ಹೇಳೋಕೆ ನೀವು ಬರ್ತೀರಾ?"

"ಬರ್ತೀನಿ," ಎಂದೆ.

ಅವರು ಆರನ್ನು ಹೊಡೆದುಹಾಕಿ ಸೊನ್ನೆ ಬರೆದರು. ಕೀವಿಗೆ ಇನ್ನೊಂದು ಇಂಜೆಕ್ಷನ್ ಸೇರಿಸಿ ಹೋದರು. ಕೆಟ್ಟವರೇನಲ್ಲ, ಹೋದ ತಿಂಗಳು ಅವರ ಕಣ್ಣೆದುರೇ ಒಂದು ಕೂಸಿನ ಉಸಿರು ಹಾಗೆ ನಿಂತಿತ್ತು. ಆದರೂ ಚಾರ್ಟನ್ನು ಅವರ ಬೆನ್ನಿಗೇ ಎಸೆಯಬೇಕೆನಿಸಿತು. ದೊಡ್ಡ ಡಾಕ್ಟರಿಗೆ ಫೋನ್ ಮಾಡಿದೆ. "ಅವರು ಹೇಳಿದ ಹಾಗೆ ಮಾಡಿ," ಎಂದು ಇಟ್ಟುಬಿಟ್ಟರು.

ಮಧ್ಯಾಹ್ನವೆಲ್ಲ ಮಗುವಿನ ನೆತ್ತಿಯ ಮೇಲೆ ಅಂಗೈ ಇಟ್ಟುಕೊಂಡು ನಿಂತೆ. ನನ್ನ ಕೈಲಾದದ್ದು ಅಷ್ಟೇ. ಐದು ಗಂಟೆಗೆ ಅವನು ಹೋದ.

ತಾಯಿ ಅವನನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಆಮೇಲೆ ತಲೆಯೆತ್ತಿದಳು. "ಅಕ್ಕಾ, ಕೊನೇಲಿ ನೋವಿರ್ಲಿಲ್ಲ ಅಲ್ವಾ? ಅವನು ಅಳ್ಲೇ ಇಲ್ಲ."

"ಇರ್ಲಿಲ್ಲ ಕಣಮ್ಮ," ಎಂದೆ. "ಚಾರ್ಟಲ್ಲೂ ಸೊನ್ನೆ ಅಂತಾನೇ ಬರೆದಿದೆ."

ಅವಳು ನಂಬಿದಳು. ನನ್ನ ಕೈಯನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.